ಕುರಿಕೊರಳ ಗುಳಿಗೆ

ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತ ಜಡೆಪ್ಪ ತನ್ನ ಕಣ್ಣನ್ನು ತಾನೇ ನೋಡಿಕೊಳ್ಳಲಾರದೆ ಗದ್ದವನ್ನಷ್ಟೇ ನೋಡುತ್ತ ಕ್ಷೌರ ಮುಗಿಸಿದ. ಎರಡು ಕಡೆ ಕೊಯ್ದುಕೊಂಡ. ಮದರಾಸಿನ ಪ್ರೊಫೆಸರು ಆಸ್ಪತ್ರೆಗೆ ಬರುವ ದಿನವೇ ಹೀಗಾಗಬೇಕೆ ಎಂದು ರೇಜರನ್ನು ಬೈದುಕೊಂಡ. ಬೈಯಬೇಕಾದದ್ದು ರೇಜರನ್ನಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಿನ್ನೆ ಸಂಜೆ ಆಸ್ಪತ್ರೆಯಿಂದ ಹೊರಡುವಾಗ ಆಯಾ ಗಾದೆಮ್ಮ ಎದುರಿಗೆ ಬಂದು, "ರಾರಾವಿ ಊರಿನ ಪಕ್ಕೀರಮ್ಮ ಬಂದಾಳ್ರಿ ಡಾಕ್ಟ್ರೆ. ಮತ್ತ ಕಂಬಳಿ ಹೊದ್ದಾಳ," ಎಂದಿದ್ದಳು. ಬಂದಿದ್ದು ಒಳ್ಳೆಯದೇ ಆಯಿತು, ಬಾ ಎಂದು ಹೇಳಿಕಳಿಸಿದ್ದವನೂ ಅವನೇ. ಆದರೂ ವಾರ್ಡಿನ ಕಡೆ ಹೋಗದೆ ಹಿಂದಿನ ಬಾಗಿಲಿನಿಂದ ಹೊರಬಿದ್ದು ಗಾಂಧಿನಗರದ ಮನೆ ಸೇರಿದ್ದ. ಡಾಕ್ಟರಾದವನು ರೋಗಿಗೆ ಹೆದರಿ ಹಿತ್ತಲ ಬಾಗಿಲು ಹಿಡಿಯುವುದನ್ನು ಯಾರಾದರೂ ಕೇಳಿದ್ದಾರೆಯೆ? ಕೇಳಿದ್ದರೆ ನಗುತ್ತಿದ್ದರು. ಅವನಿಗೆ ನಗು ಬರಲಿಲ್ಲ.

"ಮಂಡಾಳು ಆರಿ ಹೋದುವು. ತಿನ್ನವಲ್ರಿ ಯಾಕ?" ಎಂದಳು ಹೆಂಡತಿ ವಿರೂಪಮ್ಮ. ಒಗ್ಗರಣೆ ಹಾಕಿದ ಮಂಡಕ್ಕಿಯ ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಮೆಣಸಿನಕಾಯಿ. ಎಂದಿನ ತಟ್ಟೆಯೇ. ಅವನು ಒಂದು ಮುಕ್ಕು ಬಾಯಿಗೆ ಹಾಕಿಕೊಂಡ. "ಗಾದೆಮ್ಮ ಬಾವಿ ಕಟ್ಟಿ ಹತ್ರ ಸಿಕ್ಕಿದ್ಲು. ಆ ರಾರಾವಿ ಹೆಣ್ಮಗಳಿಗೆ ಆರಾಮಾಗಿತ್ತಲ್ರಿ? ಬದನಿಕಾಯಿ ತಂದುಕೊಟ್ಟು ನನ್ನ ಜೊತಿ ನಕ್ಕೊಂತ ಮಾತಾಡಿ ಹೋಗಿದ್ಲು. ಮತ್ತ್ಯಾಕ ಬಂದಾಳ?" ವಿರೂಪಮ್ಮನ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಡೆಪ್ಪನ ಗಂಟಲಲ್ಲಿ ಮಂಡಾಳು ಸಿಕ್ಕಿಕೊಂಡು ಕೆಮ್ಮು ಬಂತು. "ರೋಗ ತಿರುಗಿ ಬಂದೈತಿ," ಎಂದ. "ಗುಳಿಗಿ ಬಿಟ್ಟಿದ್ಲೇನು?" ಎಂದಳು ಅವಳು, ನೀರಿನ ಲೋಟ ಮುಂದೆ ಸರಿಸುತ್ತ. "ಬಿಟ್ಟಿರಬೇಕು," ಎಂದುಬಿಟ್ಟ. ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಂತು ಎಂದರೆ ಅದನ್ನು ಯಾವಾಗಲೋ ಒಳಗೇ ಸಿದ್ಧಮಾಡಿ ಇಟ್ಟುಕೊಂಡಿದ್ದನೆಂದೇ ಅರ್ಥ. ವಿರೂಪಮ್ಮ "ಹಳ್ಳಿ ಮಂದಿ, ಏನ್ ತಿಳಿತೈತಿ ಪಾಪ," ಎಂದು ಎದ್ದುಹೋದಳು.

ಬಳ್ಳಾರಿಯವರಿಗೆ ಚಳಿಗಾಲವೆಂದರೆ ಅವಸರದ ನೆಂಟ. ಬಂದ ಎಂದು ಗೊತ್ತಾಗುವುದರೊಳಗೆ ಹೊರಟಿರುತ್ತಾನೆ. ಪುಷ್ಯ ಮಾಸದ ಬೆಳಗಿನಲ್ಲೂ ಕೋಟೆ ಗುಡ್ಡದ ಬಂಡೆಗಳು ಆಗಲೇ ಬಿಸಿಲು ಕುಡಿಯಲು ಕೂತಿದ್ದವು. ಜಡೆಪ್ಪ ಕೋಟು ಹಾಕಿಕೊಂಡು ನಡೆದ. ರಸ್ತೆಗೆ ಅಡ್ಡವಾಗಿ ಮೋಕದ ಕಡೆಯಿಂದ ಬಂದ ಕುರಿಮಂದೆಯೊಂದು ದೂಳೆಬ್ಬಿಸುತ್ತ ಹೋಗುತ್ತಿತ್ತು. ಅದು ಕಳೆಯಲಿ ಎಂದು ನಿಂತ. ಕುರಿಗಳು ಅವನ ಮೊಣಕಾಲಿಗೆ ಉಜ್ಜಿಕೊಂಡು ಹೋದವು. ಒಂದೊಂದರ ಕೊರಳನ್ನೂ ನೋಡದೆ ಇರಲು ಅವನಿಂದಾಗಲಿಲ್ಲ. ಪಕ್ಕೀರಮ್ಮ ಮೊದಲು ಬಂದಾಗ ಕಡುಬೇಸಿಗೆ. ಟಾರು ಕರಗಿ ಚಪ್ಪಲಿಗೆ ಅಂಟುವಂಥ ಬಿಸಿಲಲ್ಲಿ ಸಿರುಗುಪ್ಪದ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ಕಪ್ಪು ಕಂಬಳಿ ಹೊದ್ದು ನಡುಗುತ್ತ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದಳು. ಸುತ್ತ ಜನ ಸೇರಿ ನಗುತ್ತಿದ್ದರು. ಊದಿದ ಮುಖ, ಉದುರಿದ ಹುಬ್ಬು, ಮಡಕೆಯೊಳಗಿಂದ ಮಾತಾಡಿದ ಹಾಗೆ ದಪ್ಪ ದನಿ. ಹೆಸರು ಕೇಳಿದರೆ ಉತ್ತರ ಬರುವುದರೊಳಗೆ ಕೇಳಿದವನಿಗೇ ಪ್ರಶ್ನೆ ಮರೆತುಹೋಗಬೇಕು. "ದೆವ್ವ ಹಿಡ್ದೈತಿ ಅಂತಾರ್ರಿ. ಕಂಬಳಿ ಪಕ್ಕೀರಿ ಅಂತ ಊರಾಗ ಹುಡುಗ್ರು ಹಿಂದ ಬೀಳ್ತಾವು," ಎಂದಿದ್ದ ಗಂಡ ಹುಲುಗಪ್ಪ, ತಲೆ ತಗ್ಗಿಸಿ. ಜಡೆಪ್ಪ ಅವಳನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಮೇಲಿನ ನರವನ್ನು ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ಬಡಿದಿದ್ದ. ಪಾದ ಎಲ್ಲರ ಪಾದದ ಹಾಗೇ ಚಿಮ್ಮಿತು. ಆದರೆ ಮರಳಿ ಬರಲಿಲ್ಲ. ಅಲ್ಲೇ ಗಾಳಿಯಲ್ಲಿ ನಿಂತು, ಬರಲೋ ಬೇಡವೋ ಎಂದು ಯೋಚಿಸಿ, ನಿಧಾನಕ್ಕೆ ತನ್ನ ಜಾಗಕ್ಕೆ ಬಂತು. ಆಗ ಅವನಿಗಾದ ಸಂತೋಷವನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ. ಅವಳ ರೋಗ ಅವನಿಗೆ ಹಬ್ಬದಂತೆ ಕಂಡಿತ್ತು.

ಕೊರಳಿನಲ್ಲಿರುವ ಥೈರಾಯ್ಡ್ ಎಂಬ ಗ್ರಂಥಿ ಬತ್ತಿದರೆ ಮೈಯ ಬೆಂಕಿ ಆರುತ್ತದೆ, ನರಗಳು ತೂಕಡಿಸುತ್ತವೆ, ಬುದ್ಧಿ ಮಂಕಾಗುತ್ತದೆ. ಮದರಾಸಿನಲ್ಲಿ ಓದುವಾಗ ಪುಸ್ತಕದಲ್ಲಿ ಇದನ್ನು ಓದಿದ ದಿನ ಅವನು ಊಟಕ್ಕೆ ಹೋಗಿರಲಿಲ್ಲ. ಕುರುಗೋಡಿನ ಮನೆಯ ಗೋಡೆಗೆ ಒರಗಿ, ಇಡೀ ದಿನ ಬಿಸಿಲು ಕಾಯುತ್ತ ಕೂತು, ಸೋಮಾರಿ ಎಂದು ಅತ್ತೆಯಿಂದ ಬೈಸಿಕೊಂಡು ಸತ್ತ ತಾಯಿ ಅಂಬಮ್ಮ ಆ ಪುಟದಲ್ಲಿದ್ದಳು. ಈ ರೋಗದ ಮೇಲೆ ಸಂಶೋಧನೆ ಮಾಡುತ್ತೇನೆ, ಪಾದ ಮರಳುವ ನಿಧಾನವನ್ನು ಅಳೆದೇ ರೋಗ ಹಿಡಿಯಬಹುದೆಂದು ತೋರಿಸುತ್ತೇನೆ, ಹಳ್ಳಿಯ ಡಾಕ್ಟರಿಗೂ ಸಾಧ್ಯವಾಗುವಂತೆ ಮಾಡುತ್ತೇನೆ ಎಂದುಕೊಂಡದ್ದು ತಾಯಿಯ ಹೆಸರಿನಲ್ಲೇ. ತಾಯಿಯ ಹೆಸರಿನಲ್ಲಿ ಏನೇನು ಮಾಡುತ್ತೇವೋ! ಪಕ್ಕೀರಮ್ಮನಿಗೆ ಗುಳಿಗೆ ಶುರುಮಾಡಿದ. ಮಳೆ ಬೀಳುವ ಹೊತ್ತಿಗೆ ಅವಳ ಮುಖದ ಬಾವು ಇಳಿಯಿತು, ಹುಬ್ಬು ಚಿಗುರಿತು. ಒಂದು ಸಲ ಕಂಬಳಿಯಿಲ್ಲದೆ ಬಂದವಳನ್ನು ಅವನೇ ಗುರುತು ಹಿಡಿಯಲಿಲ್ಲ. "ಕಂಬಳಿ ಎಲ್ಲೈತಿ?" ಎಂದರೆ "ಕುರಿ ಕಾಯೋರಿಗೆ ಕೊಟ್ಟುಬಿಟ್ಟೀನ್ರಿ ಸಾಮಿ, ನನಗ್ಯಾಕ ಅದು?" ಎಂದು ನಕ್ಕಳು. ಗುಳಿಗೆಯನ್ನು ಮೂಸಿ, "ಇದ್ರಾಗ ಏನಿರತೈತ್ರಿ? ಬಾಡಿನ ವಾಸನಿ ಬರ್ತೈತಿ," ಎಂದು ಕೇಳಿದಳು. ಅವನು ಮೇಷ್ಟರ ಗತ್ತಿನಲ್ಲಿ, "ಕುರಿ ಕೊರಳಾಗ ಒಂದು ಗಂಟು ಇರತೈತಿ, ಅದನ್ನ ಒಣಗಿಸಿ ಪುಡಿ ಮಾಡಿ ಗುಳಿಗಿ ಮಾಡ್ತಾರ. ಕುರಿ ಕೊರಳು ನಿನ್ನ ಕೊರಳಿನ ಕೆಲಸ ಮಾಡತೈತಿ," ಎಂದು ಹೇಳಿದ್ದ. ಅವಳು ಗುಳಿಗೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿದ್ದಳು.

ಮಂದೆ ಕಳೆದರೂ ಜಡೆಪ್ಪ ರಸ್ತೆಯಲ್ಲೇ ನಿಂತಿದ್ದ. ಜಟಕಾದವನೊಬ್ಬ "ಸರೀರಿ ಸಾಹೇಬ್ರ," ಎಂದು ಕೂಗಿದ ಮೇಲೆ ಬದಿಗೆ ಸರಿದ. ಎಲ್ಲ ಅಲ್ಲಿಗೇ ನಿಂತಿದ್ದರೆ ಇವತ್ತು ಅವನು ಎದೆಯುಬ್ಬಿಸಿ ನಡೆಯಬಹುದಾಗಿತ್ತು. ಅವಳು ಗುಣವಾದ ಮೇಲೆ ಮದರಾಸಿನ ವೈದ್ಯರ ಸಭೆಗೆ ಹೋಗಿ ಆ ಪಾದದ ಬಗ್ಗೆ ಮಾತಾಡಿದ. ಇಂಗ್ಲಿಷು ತಡವರಿಸಿತು, ಹಿಂದಿನ ಸಾಲಿನಲ್ಲಿ ಯಾರೋ ಅವನ ಉಚ್ಚಾರವನ್ನು ಅಣಕಿಸಿದರು. ಪ್ರೊಫೆಸರು ಕನ್ನಡಕ ತೆಗೆದು ಒರೆಸುತ್ತ, "ಗುಣವಾದ ಹೆಂಗಸನ್ನು ತೋರಿಸಿದರೆ ಏನು ಬಂತು? ಗುಣವಾದ ಹೆಂಗಸರು ನಮ್ಮ ಮನೆಯಲ್ಲೂ ಇದ್ದಾರೆ. ರೋಗ ಇದ್ದಾಗ ನೋಡಿದವರು ಯಾರು?" ಎಂದರು. ಸಭೆಯೆಲ್ಲ ಘೊಳ್ಳೆಂದು ನಕ್ಕಿತು. ಫೋಟೋ ಇರಲಿಲ್ಲ. ಫೋಟೋ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆಂದು ಹುಲುಗಪ್ಪ ಅವತ್ತು ಒಪ್ಪಿರಲಿಲ್ಲ. "ಬಳ್ಳಾರಿಗೆ ಒಮ್ಮೆ ಬರುತ್ತೇನೆ. ತೋರಿಸಲಿಕ್ಕೆ ಏನಾದರೂ ಇಟ್ಟಿರಿ," ಎಂದು ಪ್ರೊಫೆಸರು ಬೆನ್ನು ತಟ್ಟಿದರು. ಆ ತಟ್ಟು ಗುಂತಕಲ್ಲಿನವರೆಗೂ ಬೆನ್ನಮೇಲೆ ಉರಿಯಿತು. ಬಂದವನೇ, ಪಕ್ಕೀರಮ್ಮ ಮುಂದಿನ ಸಲ ಬಂದಾಗ, ಅದೇ ಸೀಸೆಗೆ ಅದೇ ಗಾತ್ರದ ಸುಣ್ಣದ ಗುಳಿಗೆ ತುಂಬಿ ಕೊಟ್ಟ. ನಾಲ್ಕು ದಿನದ ಮಾತು, ರೋಗ ತುಸು ಕಾಣಿಸಿದರೆ ಸಾಕು, ಪ್ರೊಫೆಸರು ನೋಡಿಹೋದ ಕೂಡಲೆ ಮತ್ತೆ ಸರಿಮಾಡುತ್ತೇನೆ ಎಂದುಕೊಂಡ. ಪ್ರೊಫೆಸರು ಒಂದು ಸಲ ಬರುತ್ತೇನೆಂದು ಬರಲಿಲ್ಲ, ಇನ್ನೊಂದು ಸಲ ಕಾಲುನೋವೆಂದರು. ಅವಳಿಗೆ ಸುಣ್ಣದ ಸೀಸೆಗಳು ಹೋಗುತ್ತಲೇ ಇದ್ದವು. ಸೀಸೆ ಒಯ್ಯಲು ಹುಲುಗಪ್ಪನೊಬ್ಬನೇ ಬರತೊಡಗಿದಾಗ, ಅವಳು ಯಾಕೆ ಬರಲಿಲ್ಲವೆಂದು ಜಡೆಪ್ಪ ಕೇಳಲೇ ಇಲ್ಲ.

ಆಸ್ಪತ್ರೆಯ ದೊಡ್ಡ ಕೋಣೆಯಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ಊರಿನ ಡಾಕ್ಟರುಗಳೆಲ್ಲ ಬಂದಿದ್ದರು. ಪ್ರೊಫೆಸರು ಮುಂದಿನ ಕುರ್ಚಿಯಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಗಾದೆಮ್ಮ ಪಕ್ಕೀರಮ್ಮನನ್ನು ಕೈಹಿಡಿದು ಕರೆತಂದಳು. ಜಡೆಪ್ಪ ತುಸು ಕಾಣಿಸಿದರೆ ಸಾಕು ಎಂದುಕೊಂಡಿದ್ದ. ಬಂದವಳು ಮೊದಲಿಗಿಂತಲೂ ಹೆಚ್ಚು ಊದಿದ್ದಳು. ಎರವಲು ತಂದ ಕಂಬಳಿ ಅವಳ ಹೆಗಲಿಗೆ ಸಾಲದೆ ಜಾರುತ್ತಿತ್ತು. ಬಲಗೈಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು. "ಒಲಿ ಮುಂದ ಚಳಿ ಕಾಸಿಕೊಂತ ತೂಕಡಿಸಿ ಕೈ ಬೆಂಕ್ಯಾಗ ಇಟ್ಟಾಳ್ರಿ. ಸುಟ್ಟಿದ್ದೂ ತಡವಾಗಿ ತಿಳೀತಂತ," ಎಂದು ಗಾದೆಮ್ಮ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. ಪಕ್ಕೀರಮ್ಮ ಕೋಣೆಯ ತುಂಬ ಇದ್ದ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಗೆ ಜಡೆಪ್ಪ ಕಂಡಾಗ ಆ ಮುಖ ಮೆಲ್ಲಗೆ ಅರಳಿತು. ಗುರುತಿನವರೊಬ್ಬರು ಸಿಕ್ಕರೆಂಬ ಸಮಾಧಾನ ಅದು. ಆದರೆ ಅವನ ಬಾಯಿ ಇಂಗ್ಲಿಷಿನಲ್ಲಿ ವಿವರಿಸತೊಡಗಿತ್ತು. ಅವಳು ಕುರ್ಚಿಯ ಮೇಲೆ ಮಂಡಿಯೂರಿದಳು. ಸೀರೆಯನ್ನು ಮೀನಖಂಡದ ತನಕ ಎತ್ತಬೇಕಾದಾಗ ಎಡಗೈಯಿಂದ ಮುಖ ಮುಚ್ಚಿಕೊಂಡಳು. ಅವನು ಬಡಿದ. ಪಾದ ಚಿಮ್ಮಿ ಗಾಳಿಯಲ್ಲಿ ನಿಂತಿತು. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಪಾದ ನಿಧಾನಕ್ಕೆ, ಬಲು ನಿಧಾನಕ್ಕೆ ಮರಳಿತು. "ಇನ್ನೊಮ್ಮೆ," ಎಂದರು ಪ್ರೊಫೆಸರು. ಇನ್ನೊಮ್ಮೆ ಬಡಿದ. "ಸುಂದರ!" ಎಂದರು ಪ್ರೊಫೆಸರು.

ಯಾರೋ ಚಪ್ಪಾಳೆ ತಟ್ಟಿದರು. ಪಕ್ಕೀರಮ್ಮ ತನ್ನಿಂದ ಏನೋ ಒಳ್ಳೆಯದಾಯಿತೆಂದುಕೊಂಡು ಮುಖದ ಮೇಲಿನ ಕೈ ತೆಗೆದಳು. ಜಡೆಪ್ಪ ಈ ಚಪ್ಪಾಳೆಯನ್ನು ಎಷ್ಟೋ ಸಲ ಕನಸಿನಲ್ಲಿ ಕೇಳಿದ್ದ. ಈಗ ಕಿವಿ ಮುಚ್ಚಿಕೊಳ್ಳಬೇಕೆನಿಸಿತು. ಪ್ರೊಫೆಸರು ಅವನನ್ನು ಹತ್ತಿರ ಕರೆದು ತಗ್ಗಿದ ದನಿಯಲ್ಲಿ, "ಗುಣವಾಗಿದ್ದಳು ಅಂದಿರಲ್ಲ. ಗುಳಿಗೆ ನೀವು ನಿಲ್ಲಿಸಿದಿರೋ, ಅವಳೇ ಬಿಟ್ಟಳೋ?" ಎಂದು ಕೇಳಿದರು. ಜಡೆಪ್ಪ, "ಅವಳೇ ಬಿಟ್ಟಳು," ಎಂದ. ಬೆಳಿಗ್ಗೆ ಹೆಂಡತಿಯ ಎದುರು ಒಮ್ಮೆ ಆಡಿ ಪಳಗಿದ್ದ ಮಾತು. ಪ್ರೊಫೆಸರು ಅವನನ್ನು ಒಂದು ಗಳಿಗೆ ನೋಡಿದರು. ಅವರ ತುಟಿಯ ಕೊನೆಯಲ್ಲಿ ಸಣ್ಣ ನಗು ಮೂಡಿತು. "ಒಳ್ಳೆಯದು. ಹಾಗೇ ಬರೆಯಿರಿ," ಎಂದು ಈ ಸಲವೂ ಬೆನ್ನು ತಟ್ಟಿದರು. ಅವರಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಅವರಿಗೆ ಏನೂ ಅನ್ನಿಸಲಿಲ್ಲ ಎಂಬುದರಿಂದ ಜಡೆಪ್ಪನಿಗೆ ಇನ್ನೂ ಹೇಸಿಗೆಯಾಯಿತು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಈಗ ತಾನೂ ಅವರೂ ಒಂದೇ ಮನೆಯವರಾದಂತೆ ಆಯಿತು.

ಎಲ್ಲರೂ ಕಾಫಿಗೆ ಹೋದಾಗ ಅವನು ಓಡುವವನ ಹಾಗೆ ವಾರ್ಡಿಗೆ ಹೋದ. ಕೋಟಿನ ಜೇಬಿನಲ್ಲಿ ನಿಜವಾದ ಗುಳಿಗೆಯ ಸೀಸೆಯಿತ್ತು. ಇವತ್ತೇ, ಈಗಲೇ ಶುರುಮಾಡಬೇಕು. ಈ ರೋಗ ಇಷ್ಟು ಬಲಿತ ಮೇಲೆ ಒಂದು ಚಳಿಯ ರಾತ್ರಿ ಸಾಕು, ಮಲಗಿದವಳು ಏಳದೆ ಹೋಗಬಹುದು. ಜಗುಲಿಯ ಬಿಸಿಲಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು, ತಾಯಿ ಕುರುಗೋಡಿನ ಗೋಡೆಗೆ ಒರಗುತ್ತಿದ್ದ ಹಾಗೇ. ಹುಲುಗಪ್ಪ ಎದ್ದು ಟವೆಲು ಹೆಗಲಿನಿಂದ ಇಳಿಸಿದ. "ಇದನ್ನ ತಗೋಬೇಕು ಪಕ್ಕೀರಮ್ಮ. ಈಗ ಒಂದು ನುಂಗು, ನನ್ನ ಕಣ್ಣ ಮುಂದ," ಎಂದ ಜಡೆಪ್ಪ. ಅವಳು ಸೀಸೆಯನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. "ವಲ್ಲೆ ಸಾಮಿ," ಎಂದಳು.

"ಯಾಕ?"

ಉತ್ತರ ಬರಲು ತಡವಾಯಿತು. "ಈಚಿಗೆ ಕೊಟ್ರಲ್ಲ ಗುಳಿಗಿ... ಅದ್ರಾಗ ಬಾಡಿನ ವಾಸನಿ ಇರಲಿಲ್ರಿ," ಎಂದಳು.

ಸಿಕ್ಕಿಬಿದ್ದೆ ಎಂದುಕೊಂಡ ಜಡೆಪ್ಪ. ಸಿಕ್ಕಿಬಿದ್ದದ್ದೇ ಒಳ್ಳೆಯದು ಎಂದೂ ಅದೇ ಕ್ಷಣ ಅನ್ನಿಸಿ, ಬೆನ್ನ ಮೇಲಿನ ಒಂದು ಭಾರ ಇಳಿಯಲು ಸಿದ್ಧವಾಯಿತು. ಇನ್ನು ಅವಳು ಕೇಳಲಿ, ಹುಲುಗಪ್ಪ ಕೊರಳಪಟ್ಟಿ ಹಿಡಿಯಲಿ. ಆದರೆ ಹುಲುಗಪ್ಪ ಕೈಮುಗಿದು, "ತಪ್ಪು ನಮ್ದ ಐತ್ರಿ ಸಾಮಿ," ಎಂದ. "ಈಕಿ ಆರಾಮಾದ್ಲು ಅಂತ ಸುಂಕಲಮ್ಮಗ ಒಂದು ಕುರಿ ಹರಕಿ ಬಿಟ್ಟೀವಿ. ಹೊಸಾ ಜೋಳ ಮನಿಗೆ ಬಂದ ಮ್ಯಾಲ ಅಮ್ಮನ ಪರವು ಮಾಡಿ, ಕುರಿ ಕಡಿದು ಮಂದಿಗೆ ಉಣಿಸ್ತೀವಿ. ಹರಕಿ ಕುರಿ ಅಮ್ಮಗ ಮುಟ್ಟೋ ತನಕ ಮನ್ಯಾಗ ಯಾರೂ ಕುರಿ ತಿನ್ನಂಗಿಲ್ಲ. ನಮ್ಮ ಪದ್ಧತಿ ಹಂಗ ಐತಿ. ಗುಳಿಗ್ಯಾಗ ಕುರಿ ಐತಿ ಅಂತ ನನಗ ಗೊತ್ತಿರಲಿಲ್ಲ. ಈಕಿ ಹೇಳಲಿಲ್ಲ, ಮುಚ್ಚಿಟ್ಟು ತಿಂದಾಳ."

"ನಂಗ ಆಸಿ ಆತ್ರಿ," ಎಂದಳು ಪಕ್ಕೀರಮ್ಮ. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಹೇಳಿದಳು. "ಮೈ ಬೆಚ್ಚಗಿತ್ತು. ಹಾಡಾಕ ದನಿ ಬಂದಿತ್ತು. ಬಿಡಾಕ ಮನಸಾಗಲಿಲ್ಲ. ಅಮ್ಮನಕಿಂತ ಮೊದಲ ನಾ ಉಂಡೆ. ಅದಕ್ಕ ಅಮ್ಮ ಸಿಟ್ಟಾಗಿ ಗುಳಿಗ್ಯಾಗಿಂದ ತನ್ನ ಕುರಿ ತಾ ತಗೊಂಡ್ಲು. ವಾಸನಿ ಹೋತು. ಸುಣ್ಣ ಉಳೀತು."

ಸುಣ್ಣ ಎಂಬ ಮಾತನ್ನು ಅವಳು ಹೇಗೆ ಆಡಿದಳೋ, ಜಡೆಪ್ಪನ ಕಣ್ಣು ಕತ್ತಲಿಟ್ಟಿತು. ಇಷ್ಟು ದಿನ ಇವಳು ಊದಿದ್ದು, ನಡುಗಿದ್ದು, ಕೈ ಸುಟ್ಟುಕೊಂಡದ್ದು ಸಾಲದೆಂದು ತನ್ನನ್ನೇ ತಾನು ಪಾಪಿ ಎಂದು ಬೈದುಕೊಂಡಿದ್ದಾಳೆ. ಮನೆಯವರೂ ಬೈದಿದ್ದಾರೆ. "ನಮ್ಮವ್ವ ಅಂತೂ ಈಕಿನ ಒಲಿ ಹತ್ರ ಬಿಟ್ರೂ ಅಡಿಗಿ ಮುಟ್ಟಸವಲ್ಲಳ್ರಿ," ಎಂದ ಹುಲುಗಪ್ಪ. "ಪರವು ಆಗೋ ತನಕ ಗುಳಿಗಿ ಬ್ಯಾಡ್ರಿ. ಸತ್ರ ಸಾಯ್ಲಿ ಅಂತ ಈಕೀನೂ ಅಂತಾಳ." ಹೊಸ ಜೋಳ ಇನ್ನೂ ತೆನೆಯಲ್ಲಿತ್ತು. ಅಷ್ಟು ದಿನ ಇವಳು ಉಳಿಯುವುದಿಲ್ಲ. ಹೇಳಬೇಕಾದದ್ದು ಒಂದೇ ಮಾತು: ಅಮ್ಮ ಏನೂ ತೆಗೆದುಕೊಳ್ಳಲಿಲ್ಲ, ನಾನು ತೆಗೆದೆ. ಮಾತು ನಾಲಿಗೆಯ ಮೇಲೆಯೇ ಇತ್ತು. ಅಷ್ಟರಲ್ಲಿ ಜಗುಲಿಯ ಆ ಕೊನೆಯಲ್ಲಿ ಪ್ರೊಫೆಸರೂ ದೊಡ್ಡ ಡಾಕ್ಟರೂ ಕಾಫಿ ಮುಗಿಸಿ ಬಂದು ನಿಂತರು. ಗಾದೆಮ್ಮ ಕಸಬರಿಗೆ ಹಿಡಿದು ಇಲ್ಲೇ ಗುಡಿಸುತ್ತಿದ್ದಳು. ಹುಲುಗಪ್ಪನ ಕಣ್ಣಿನಲ್ಲಿ ಅವನು ದೇವರಂಥ ಡಾಕ್ಟರು. ಜಡೆಪ್ಪ ಬಾಯಿ ತೆರೆದ. ತಾನು ಏನು ಹೇಳಲಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಸೀಸೆಯ ಬಿರಡೆ ತೆಗೆದು ಅವಳ ಮೂಗಿನ ಹತ್ತಿರ ಹಿಡಿದ. "ಮೂಸಿ ನೋಡು," ಎಂದ.

ಅವಳು ಮೂಸಿದಳು. ಮತ್ತೊಮ್ಮೆ ಮೂಸಿದಳು. ಊದಿದ ರೆಪ್ಪೆಗಳು ಮೇಲಕ್ಕೆ ಎದ್ದವು. "ವಾಸನಿ... ಬಂದೈತಿ," ಎಂದಳು.

"ನೀನು ತಪ್ಪು ಒಪ್ಪಿಕೊಂಡಿಯಲ್ಲ," ಎಂದ ಜಡೆಪ್ಪ. ದನಿ ತನ್ನದಲ್ಲ, ದೇವರು ಮೈಮೇಲೆ ಬಂದ ಪೂಜಾರಿಯದು ಅನ್ನಿಸಿತು. "ಅಮ್ಮ ತಿರುಗಿ ಕೊಟ್ಟಾಳ. ಅಮ್ಮನೇ ತಗೋ ಅಂತಾಳ. ಇನ್ನ ಬ್ಯಾಡ ಅನಬಾರದು."

ಹುಲುಗಪ್ಪ ಎರಡೂ ಕೈ ಎತ್ತಿ ಸುಂಕಲಮ್ಮನನ್ನು ನೆನೆದ. ಪಕ್ಕೀರಮ್ಮ ಬಟ್ಟೆ ಸುತ್ತಿದ ಕೈಯನ್ನೇ ಚಾಚಿದಳು. ಗುಳಿಗೆಯನ್ನು ಕಣ್ಣಿಗೊತ್ತಿಕೊಂಡು ನುಂಗಿದಳು. ಬದುಕಿಕೊಂಡಳು. ಅದರಲ್ಲಿ ಅನುಮಾನವಿರಲಿಲ್ಲ, ಬೇಸಿಗೆಗೆ ಕಂಬಳಿ ಮತ್ತೆ ಕುರಿ ಕಾಯುವವರ ಮನೆ ಸೇರುತ್ತದೆ. ಆದರೆ ಗುಣವಾದ ಒಂದೊಂದು ದಿನವೂ ಅವಳು, ನನ್ನ ಆಸೆಯಿಂದ ಇದೆಲ್ಲ ಆಯಿತು ಎಂದು ತಿಳಿದೇ ಬದುಕುತ್ತಾಳೆ. ತನ್ನ ಸಂಶೋಧನೆ ಸಾಧಿಸಿ ತೋರಿಸಿದ್ದು ಇದನ್ನೇ ಎಂದು ಅವನಿಗೆ ಹೊಳೆಯಿತು. ಅವಳು ಗೋಡೆ ಹಿಡಿದು ಮೇಲೆದ್ದಳು, ಏಳುತ್ತಿದ್ದಾಳೆ ಎಂದುಕೊಳ್ಳುವಷ್ಟರಲ್ಲಿ ಬಾಗಿ ಅವನ ಬೂಟಿನ ಮೇಲೆ ಹಣೆಯಿಟ್ಟಳು. "ನಿಮ್ಮ ಗುಳಿಗಿಗೂ ಕೆಟ್ಟ ಹೆಸರು ತಂದೆ ಸಾಮಿ. ತಪ್ಪಾತು. ಹೊಟ್ಯಾಗ ಹಾಕ್ಕೋರಿ." ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆಂದು ಅವನಿಗೆ ತಿಳಿಯಿತು. ಪಾದ ಸರಿಯಲಿಲ್ಲ. ಹಣೆಯ ತಣ್ಣಗಿನ ಭಾರ ತೊಗಲಿನ ಮೂಲಕವೂ ತಾಕುತ್ತಿತ್ತು.

"ಹಾಕ್ಕೊಂಡೀನಿ. ಏಳಬೇ," ಎಂದ.

ಜಗುಲಿಯ ಕೊನೆಯಿಂದ ಪ್ರೊಫೆಸರು ಅವನ ಹೆಸರು ಹಿಡಿದು ಕರೆದರು. ಹುಲುಗಪ್ಪ ಹೆಂಡತಿಯನ್ನು ಎಬ್ಬಿಸಿ ಕಂಬಳಿ ಸರಿಮಾಡಿದ. ಅವಳು ಉಸಿರು ತೆಗೆದುಕೊಂಡು, ನಿಧಾನವಾಗಿ, ಬಹಳ ದಿನದಿಂದ ಯೋಚಿಸಿ ಇಟ್ಟುಕೊಂಡದ್ದನ್ನು ಹೇಳುವವಳ ಹಾಗೆ ಹೇಳಿದಳು:

"ಪರವು ದಿನ ನಮ್ಮ ಕುರಿ ಕೊರಳು ನಾವು ತಿನ್ನಂಗಿಲ್ರಿ. ನಿಮಗ ತಂದು ಕೊಡ್ತೀವಿ. ನನ್ನಂಥಾಕಿ ಇನ್ನೊಬ್ಬಾಕಿಗೆ ಗುಳಿಗಿ ಮಾಡ್ರಿ."

"ತರ್ರಿ," ಎಂದ ಜಡೆಪ್ಪ.